ಶಾಸನವೂ ಪತ್ರಿಕಾ ಪ್ರಕಟಣೆಯೂ: ವಿದ್ಯಾಸಂಸ್ಥೆಗಳ ಸುದ್ದಿಬರಹದ ಕ್ರಮ

ಸತ್ಕಾರ್ಯವನ್ನು ಮಾಡುವುದು ಒಂದು ಕರ್ತವ್ಯವಾದರೆ, ಅದರ ಫಲವು ಯಾರಿಗೆ ಸಲ್ಲಬೇಕೋ ಅವರಿಗೆ ಅದನ್ನು ತಿಳಿಯಪಡಿಸುವುದು ಇನ್ನೊಂದು ಕರ್ತವ್ಯ. ಉಚಿತ ವಿದ್ಯಾರ್ಥಿನಿಲಯವನ್ನು ಕಟ್ಟಿಸಿ, ಪ್ರವೇಶದ ಕಡೆಯ ದಿನವನ್ನು ಕಾಡಂಚಿನ ಕೂಲಿಕಾರನ ಮನೆಗೆ ಮುಟ್ಟಿಸದಿದ್ದರೆ ಆ ದಾಸೋಹವು ಅರ್ಧಕ್ಕೇ ನಿಂತಂತೆ. ಮಲೆನಾಡಿನಲ್ಲಿ ಒಂದು ಮನೆಗೂ ಮತ್ತೊಂದು ಮನೆಗೂ ನಡುವೆ ಗುಡ್ಡವೊಂದು ಅಡ್ಡವಿರುತ್ತದೆ. ಮಳೆಗಾಲದಲ್ಲಿ ಹಳ್ಳವೊಂದು ಅಡ್ಡಬರುತ್ತದೆ. ಅಂತಹ ಕಡೆ ಸುದ್ದಿಯನ್ನು ಹೊತ್ತು ಸಾಗುವ ವಾಹನಗಳಲ್ಲಿ ವೃತ್ತಪತ್ರಿಕೆಯು ಇಂದಿಗೂ ಮುಖ್ಯವಾದುದು. ಪತ್ರಿಕೆಗೆ ಸುದ್ದಿಯನ್ನು ಒಪ್ಪಿಸುವ ಬರಹಕ್ಕೆ ಪತ್ರಿಕಾ ಪ್ರಕಟಣೆ ಎಂದು ಹೆಸರು. ಬಹುತೇಕ ಶಾಲೆಗಳಲ್ಲಿ ಈ ಬರಹದ ಹೊಣೆಯು ಕನ್ನಡ ಅಧ್ಯಾಪಕರ ಪಾಲಿಗೇ ಬರುವುದರಿಂದ, ಅದರ ರಚನಾಕ್ರಮವನ್ನು ಇಲ್ಲಿ ತಕ್ಕಮಟ್ಟಿಗೆ ವಿವೇಚಿಸಲಾಗಿದೆ.

1. ಕಲ್ಲಿನ ಮೇಲಿನ ಪ್ರಕಟಣೆ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಜನರಿಗೆ ಪ್ರಕಟಣೆ ಎಂಬುದು ಹೊಸ ಸಂಗತಿಯಲ್ಲ. 1499ರಿಂದ 1763ರವರೆಗೆ ಈ ನಾಡನ್ನಾಳಿದ ಕೆಳದಿಯ ಅರಸರು ಮೊದಲು ಕೆಳದಿಯನ್ನು, ಬಳಿಕ ಇಕ್ಕೇರಿಯನ್ನು, ಅನಂತರ ಬಿದನೂರನ್ನು ರಾಜಧಾನಿಯನ್ನಾಗಿ ಮಾಡಿಕೊಂಡರು. ಮೊದಲಿನ ಎರಡು ಸಾಗರ ತಾಲ್ಲೂಕಿನಲ್ಲಿವೆ. ಮೂರನೆಯದು ಹೊಸನಗರ ತಾಲ್ಲೂಕಿನ ಇಂದಿನ ನಗರ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವು ಅದೇ ಅರಸರ ಗಿರಿದುರ್ಗ. ವೆಂಕಟಪ್ಪನಾಯಕನ ಕಾಲದಲ್ಲಿ ಬಲಗೊಂಡ ಈ ಕೋಟೆಗೆ ಭುವನಗಿರಿ ಎಂಬ ಹೆಸರೂ ಉಂಟು. ಒಂದರ ಮೇಲೊಂದಾಗಿ ಏರುವ ಕೋಟೆಯ ಸುತ್ತುಗಳು, ಕಾಶೀವಿಶ್ವನಾಥನ ಗುಡಿ, ಅರಮನೆಯ ನೆಲಗಟ್ಟು, ನೀರು ಬತ್ತದ ಕೊಳಗಳು ಇಂದಿಗೂ ಅಲ್ಲಿ ಕಾಣಸಿಗುತ್ತವೆ.

ಈ ಅರಸರು ಮಹತ್ತಿನ ಮಠಗಳಿಗೂ ದೇವಾಲಯಗಳಿಗೂ ಕೊಟ್ಟ ದತ್ತಿಗಳು ಶಿಲೆಯ ಮೇಲೂ ತಾಮ್ರಪಟಗಳ ಮೇಲೂ ದಾಖಲಾಗಿವೆ. ಬಿ. ಎಲ್. ರೈಸ್ ಅವರು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 8ನೆಯ ಸಂಪುಟದಲ್ಲಿ ಸೊರಬ, ಸಾಗರ, ನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಒಂದೆಡೆ ದೊರೆಯುತ್ತವೆ. ಅವುಗಳನ್ನು ಓದಿದವರಿಗೆ ದಾನಶಾಸನದ ಅಂಗಗಳು ಪರಿಚಿತ. ಮೊದಲು ಶಿವಸ್ತುತಿ, ಬಳಿಕ ಶಕವರ್ಷ, ಸಂವತ್ಸರ, ಮಾಸ, ತಿಥಿಗಳು, ಅನಂತರ ಎಡವಮುರಾರಿ, ಕೋಟೆಕೋಲಾಹಲ ಮೊದಲಾದ ಬಿರುದುಗಳೊಡನೆ ದಾನಿಯ ವಂಶ ಮತ್ತು ಹೆಸರು, ಆ ಮೇಲೆ ದಾನ ಪಡೆದವರು, ಭೂಮಿಯ ಪ್ರಮಾಣ, ಅದರ ಹುಟ್ಟುವಳಿ, ಲಿಂಗಮುದ್ರೆಯ ಕಲ್ಲು ನೆಟ್ಟ ಚತುಸ್ಸೀಮೆ, ಕಡೆಯಲ್ಲಿ ಸಾಕ್ಷಿಗಳು ಮತ್ತು ಧರ್ಮವನ್ನು ಕೆಡಿಸಿದವರಿಗೆ ಶಾಪಾಶಯ.

ಇದರಲ್ಲಿ ಇಂದಿನ ಬರಹಗಾರನು ಕಲಿಯಬೇಕಾದ ಗುಣವೊಂದಿದೆ. ಬಿಡಬೇಕಾದ ಕ್ರಮವೂ ಒಂದಿದೆ. ಕಲಿಯಬೇಕಾದ ಗುಣವು ನಿಷ್ಕೃಷ್ಟತೆ. ಯಾರು, ಯಾರಿಗೆ, ಎಷ್ಟು, ಯಾವ ದಿನ, ಯಾವ ಎಲ್ಲೆಯವರೆಗೆ ಎಂಬುದರಲ್ಲಿ ಶಾಸನಕಾರನು ಅನುಮಾನಕ್ಕೆ ಎಡೆಗೊಡುವುದಿಲ್ಲ. ಫಲವತ್ತತೆಗೆ ತಕ್ಕಂತೆ ಭೂಮಿಯನ್ನು ವರ್ಗೀಕರಿಸಿ ಕಂದಾಯ ಗೊತ್ತುಮಾಡಿದ ಶಿವಪ್ಪನಾಯಕನ ಶಿಸ್ತು ಇಂದಿಗೂ ಜನರ ಬಾಯಲ್ಲಿ ಉಳಿದಿದೆ. ಅದೂ ಲೆಕ್ಕದ ನಿಖರತೆಯಿಂದಲೇ ಬಂದ ಕೀರ್ತಿ.

ಬಿಡಬೇಕಾದುದು ಅಂಗಗಳ ಅನುಕ್ರಮ. ಶಾಸನದಲ್ಲಿ ಪ್ರಶಸ್ತಿಯು ಮೊದಲು, ದತ್ತಿಯು ಅನಂತರ. ಆ ಕಲ್ಲು ಅದೇ ಧರ್ಮಕ್ಕಾಗಿ ನಿಂತುದು. ಕಂಡರಣೆಯಾದ ಮೇಲೆ ಅದರ ತುದಿಯನ್ನು ಯಾರೂ ಕತ್ತರಿಸರು. ವೃತ್ತಪತ್ರಿಕೆಯ ಪುಟವಾದರೋ ಪ್ರತಿದಿನವೂ ಹಲವರ ನಡುವೆ ಹಂಚಿಹೋಗಬೇಕಾದ ಸ್ಥಳ. ಹದಿನೈದು ಸಾಲಿನ ಬರಹಕ್ಕೆ ಆರು ಸಾಲಿನ ಎಡೆ ಮಾತ್ರ ಉಳಿದಾಗ ಉಪಸಂಪಾದಕರು ಸಾಮಾನ್ಯವಾಗಿ ಕೆಳಗಿನಿಂದಲೇ ಮೊಟಕುಗೊಳಿಸುತ್ತಾರೆ. ಪ್ರಶಸ್ತಿಯನ್ನು ಮೇಲಿಟ್ಟು ದತ್ತಿಯನ್ನು ಕೆಳಗಿಟ್ಟ ಬರಹದಲ್ಲಿ ಆಗ ಉಳಿಯುವುದು ಬಿರುದಾವಳಿ. ಅಳಿಯುವುದು ಅರ್ಜಿ ಸಲ್ಲಿಸುವ ಕಡೆಯ ದಿನ. ಆದಕಾರಣ ಪತ್ರಿಕಾ ಪ್ರಕಟಣೆಯಲ್ಲಿ ದತ್ತಿಯು ಮೊದಲು ಬಂದು ಪ್ರಶಸ್ತಿಯು ಕಡೆಗೆ ಬರತಕ್ಕುದು. ಇನ್ನುಳಿದ ನಿಯಮಗಳಲ್ಲಿ ಹಲವು ಇದರಿಂದಲೇ ಹೊರಡುತ್ತವೆ.

2. ಕನ್ನಡ ಪತ್ರಿಕೆಗಳ ಬೆಳವಣಿಗೆ

ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವು 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಹೊರಬಂದಿತು. ಅದು ಕಲ್ಲಚ್ಚಿನಲ್ಲಿ ಮುದ್ರಿತವಾದ ನಾಲ್ಕು ಪುಟಗಳ ಪಾಕ್ಷಿಕ. ಶಾಸನಗಳ ಬಳಿಕ ಸುದ್ದಿಯು ಮತ್ತೊಮ್ಮೆ ಕಲ್ಲನ್ನು ಆಶ್ರಯಿಸಿದುದು ಗಮನಾರ್ಹ. ಆದರೆ ಈ ಸಲ ಕಲ್ಲು ಒಂದೆಡೆ ನಿಂತು, ಕಾಗದವು ಊರೂರಿಗೆ ನಡೆಯಿತು. ಆ ದಿನದ ನೆನಪಿಗಾಗಿ ಜುಲೈ 1ನ್ನು ಕನ್ನಡ ಪತ್ರಿಕಾ ದಿನವನ್ನಾಗಿ ಆಚರಿಸಲಾಗುತ್ತಿದೆ. ಮುಂದೆ ಹುಬ್ಬಳ್ಳಿಯಿಂದ ಸಂಯುಕ್ತ ಕರ್ನಾಟಕ, ಬೆಂಗಳೂರಿನಿಂದ 1948ರಲ್ಲಿ ಪ್ರಜಾವಾಣಿ, 1967ರಲ್ಲಿ ಕನ್ನಡಪ್ರಭ, ಮಣಿಪಾಲದಿಂದ 1970ರಲ್ಲಿ ಉದಯವಾಣಿ, 1999ರಲ್ಲಿ ವಿಜಯ ಕರ್ನಾಟಕ ಹೀಗೆ ದಿನಪತ್ರಿಕೆಗಳ ಪರಂಪರೆ ಬೆಳೆಯಿತು. ರಾಜಧಾನಿಯಲ್ಲಿ ಒಂದೇ ಆವೃತ್ತಿ ಅಚ್ಚಾಗುತ್ತಿದ್ದ ಕಾಲ ಹೋಗಿ, ಬೇರೆ ಬೇರೆ ಊರುಗಳಿಂದ ಆವೃತ್ತಿಗಳೂ ಜಿಲ್ಲೆಗೊಂದು ಪುಟವೂ ಬಂದವು.

ಈ ಬದಲಾವಣೆಯಿಂದ ಗ್ರಾಮಾಂತರದ ಶಾಲೆಗಳಿಗೆ ಆದ ಲಾಭ ದೊಡ್ಡದು. ತೀರ್ಥಹಳ್ಳಿ ತಾಲ್ಲೂಕಿನ ಪ್ರವೇಶ ಪ್ರಕಟಣೆಯನ್ನು ಬೆಂಗಳೂರಿನ ಪ್ರಧಾನ ಕಚೇರಿಗೆ ಕಳುಹಿಸಿ ಕಾದು ಕುಳಿತುಕೊಳ್ಳುವ ಅಗತ್ಯವಿಲ್ಲ. ತಾಲ್ಲೂಕು ವರದಿಗಾರರಿಗೂ ಶಿವಮೊಗ್ಗದ ಜಿಲ್ಲಾ ಕಚೇರಿಗೂ ಅದನ್ನು ಒಪ್ಪಿಸುವುದು ಮಾರ್ಗ. ಜಿಲ್ಲಾ ಮಟ್ಟದ ಸಣ್ಣ ದಿನಪತ್ರಿಕೆಗಳನ್ನೂ ಕಡೆಗಣಿಸಬಾರದು. ಅವು ಸಾಮಾನ್ಯವಾಗಿ ಇಂತಹ ಸುದ್ದಿಗೆ ಹೆಚ್ಚು ಎಡೆಗೊಡುತ್ತವೆ; ಬಸ್ ನಿಲ್ದಾಣದ ಹೋಟೆಲಿನ ಮೇಜಿನ ಮೇಲೆ ಹತ್ತಾರು ಕೈ ಬದಲಾಯಿಸುತ್ತವೆ.

3. ಷಟ್ಕಾರಕಗಳ ಪರೀಕ್ಷೆ

ಯಾರು, ಏನು, ಎಂದು, ಎಲ್ಲಿ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳಿಗೆ ಸುದ್ದಿಯು ಉತ್ತರ ಕೊಡಬೇಕೆಂದು ಪತ್ರಿಕೋದ್ಯಮದ ಪಾಠಗಳು ಹೇಳುತ್ತವೆ. ವ್ಯಾಕರಣವನ್ನು ಅಭ್ಯಸಿಸಿದವರಿಗೆ ಈ ಮಾತು ಕಾರಕಪ್ರಕರಣವನ್ನು ನೆನಪಿಗೆ ತರುತ್ತದೆ. ಕ್ರಿಯೆಯೊಡನೆ ನೇರವಾದ ಅನ್ವಯವುಳ್ಳದ್ದು ಕಾರಕ. ಸುದ್ದಿಯೆಂದರೆ ಒಂದು ಕ್ರಿಯೆ ನಡೆದುದರ ಅಥವಾ ನಡೆಯಲಿರುವುದರ ನಿವೇದನೆ. ಹಾಗಾಗಿ ಆರು ಕಾರಕಗಳೂ ಸುದ್ದಿಯ ಪರೀಕ್ಷೆಗೆ ಒದಗುತ್ತವೆ.

ಕರ್ತೃವು ಯಾರು ಎಂಬುದಕ್ಕೆ ಉತ್ತರ. ಕರ್ಮವು ಏನನ್ನು ಎಂಬುದಕ್ಕೆ. ಕರಣವು ಯಾವುದರಿಂದ, ಹೇಗೆ ಎಂಬುದಕ್ಕೆ. ಅಧಿಕರಣವು ಎಲ್ಲಿ, ಎಂದು ಎಂಬ ಎರಡಕ್ಕೂ ಆಧಾರ. ಅಪಾದಾನವು ಎಲ್ಲಿಂದ ಎಂಬುದನ್ನು ಸೂಚಿಸುತ್ತದೆ. ನೆರವು ಯಾವ ಮೂಲದಿಂದ ಬಂದಿತು, ಸುದ್ದಿಯು ಯಾರ ಬಾಯಿಂದ ಹೊರಟಿತು ಎಂಬುದು ಇದರಲ್ಲಿ ಸೇರುತ್ತದೆ. ಏಕೆ ಎಂಬ ಹೇತುವನ್ನು ತೃತೀಯೆಯೋ ಪಂಚಮಿಯೋ ಹೇಳಿಬಿಡುತ್ತದೆ. ಉಳಿದುದು ಸಂಪ್ರದಾನ, ಎಂದರೆ ಯಾರಿಗೆ, ಯಾರಿಗೋಸ್ಕರ ಎಂಬುದು. ಮೇಲಿನ ಆರು ಪ್ರಶ್ನೆಗಳ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ವಿದ್ಯಾಸಂಸ್ಥೆಯ ಪ್ರಕಟಣೆಗಾದರೋ ಇದೇ ಎಲ್ಲಕ್ಕಿಂತ ಮುಖ್ಯವಾದ ಕಾರಕ. ಎಷ್ಟನೆಯ ತರಗತಿಯ ಮಕ್ಕಳಿಗೆ? ಗಂಡುಮಕ್ಕಳಿಗೋ ಹೆಣ್ಣುಮಕ್ಕಳಿಗೋ ಇಬ್ಬರಿಗೂ ಉಂಟೋ? ಯಾವ ತಾಲ್ಲೂಕಿನವರಿಗೆ? ಆದಾಯದ ಮಿತಿ ಇದೆಯೇ? ಇದನ್ನು ಹೇಳದ ಪ್ರವೇಶ ಪ್ರಕಟಣೆಯು ಸಂಪ್ರದಾನವಿಲ್ಲದ ದಾನವಾಗುತ್ತದೆ. ಕೊಡುವ ಕೈ ಇದೆ, ಪಡೆಯುವ ಕೈ ಕಾಣದು.

ಷಷ್ಠಿಗೆ ಕಾರಕತ್ವವಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಷಷ್ಠಿಯು ನಾಮವನ್ನು ನಾಮದೊಡನೆ ಸಂಬಂಧಿಸುತ್ತದೆಯೇ ಹೊರತು ಕ್ರಿಯೆಯೊಡನೆ ಅಲ್ಲ. ಸಂಘದ ಅಧ್ಯಕ್ಷರು, ಮಂಡಳಿಯ ನಿರ್ದೇಶಕರು, ಸಮಿತಿಯ ಸಂಚಾಲಕರು ಎಂಬ ಪದವಿಗಳ ಸಾಲೆಲ್ಲ ಷಷ್ಠಿಯ ಸಂಪತ್ತು. ಅದು ಗೌರವಕ್ಕೆ ಬೇಕು. ಆದರೆ ಮೊದಲ ವಾಕ್ಯವನ್ನು ಅದೇ ತುಂಬಿಬಿಟ್ಟರೆ ಕಾರಕಗಳು ನಿಲ್ಲಲು ಸ್ಥಳವಿರುವುದಿಲ್ಲ.

4. ಕನ್ನಡ ವಾಕ್ಯದ ಸ್ವಭಾವ

ಇಂಗ್ಲಿಷ್ ಮೊದಲಾದ ಭಾಷೆಗಳಲ್ಲಿ ಕ್ರಿಯಾಪದವು ಕರ್ತೃವಿನ ಬೆನ್ನಿಗೇ ಬಂದುಬಿಡುತ್ತದೆ. ಅಲ್ಲಿ ವಾಕ್ಯವು ಎಷ್ಟು ಉದ್ದವಾದರೂ ಏನಾಯಿತೆಂಬುದು ಓದುಗನಿಗೆ ಮೊದಲೇ ತಿಳಿದಿರುತ್ತದೆ. ಕನ್ನಡದಲ್ಲಿ ಕ್ರಿಯಾಪದದ ಸಹಜಸ್ಥಾನ ವಾಕ್ಯದ ಕೊನೆ. ಕರ್ತೃವಿಗೂ ಕ್ರಿಯೆಗೂ ನಡುವೆ ಹತ್ತು ಹೆಸರು, ನಾಲ್ಕು ಬಿರುದು, ಎರಡು ಕೃದಂತಗಳನ್ನು ತುರುಕಿದರೆ, ಆದುದೇನೆಂದು ತಿಳಿಯುವ ಹೊತ್ತಿಗೆ ಓದುಗನು ಪುಟವನ್ನು ಮಗುಚಿರುತ್ತಾನೆ. ಆದ್ದರಿಂದ ಕನ್ನಡದ ಪ್ರಕಟಣೆಯಲ್ಲಿ ಮೊದಲ ವಾಕ್ಯವು ಚಿಕ್ಕದಾಗಿರಬೇಕಾದುದು ಭಾಷೆಯ ಸ್ವಭಾವದಿಂದಲೇ ಒದಗಿದ ನಿಯಮ. ಹನ್ನೆರಡರಿಂದ ಹದಿನೈದು ಪದಗಳೊಳಗೆ ಕ್ರಿಯಾಪದವನ್ನು ಮುಟ್ಟುವುದು ಒಳ್ಳೆಯ ಅಭ್ಯಾಸ.

ಶಾಬ್ದಬೋಧಕ್ಕೆ ಶಾಸ್ತ್ರಕಾರರು ಹೇಳಿದ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳೆಂಬ ಮೂರು ಕಾರಣಗಳೂ ಇಲ್ಲಿ ಉಪಯುಕ್ತ. ‘ಅರ್ಜಿಗಳನ್ನು ಆಹ್ವಾನಿಸಲಾಗಿದೆ’ ಎಂದೊಡನೆ ಎಲ್ಲಿಗೆ, ಎಂದಿನೊಳಗೆ, ಯಾವ ದಾಖಲೆಗಳೊಡನೆ ಎಂಬ ಆಕಾಂಕ್ಷೆ ಹುಟ್ಟುತ್ತದೆ. ಅದನ್ನು ತಣಿಸದೆ ಮುಂದಿನ ವಿಷಯಕ್ಕೆ ಹಾರಬಾರದು. ಬೆಂಕಿಯಿಂದ ನೆನೆಸುತ್ತಾನೆ ಎಂಬ ವಾಕ್ಯದಲ್ಲಿ ಯೋಗ್ಯತೆ ಇಲ್ಲವೆಂದು ತರ್ಕದ ಪಾಠ ಹೇಳುತ್ತದೆ. ಇನ್ನೂರು ಜನ ಕೂರಬಹುದಾದ ಸಭಾಂಗಣದಲ್ಲಿ ಸಾವಿರಾರು ಜನರು ಸೇರಿದ್ದರು ಎಂಬುದರಲ್ಲಿಯೂ ಅದೇ ದೋಷ. ಒಮ್ಮೆ ಇಂತಹ ಮಾತು ಸುಳ್ಳೆಂದು ಕಂಡುಬಂದರೆ ಆ ಸಂಸ್ಥೆಯ ಮುಂದಿನ ಪ್ರಕಟಣೆಗಳನ್ನು ವರದಿಗಾರರು ಅನುಮಾನದಿಂದಲೇ ಓದುತ್ತಾರೆ. ಅನ್ವಯವುಳ್ಳ ಪದಗಳು ಹತ್ತಿರ ಹತ್ತಿರ ಇರುವುದೇ ಸನ್ನಿಧಿ. ದಿನಾಂಕ ಒಂದು ಕಂಡಿಕೆಯಲ್ಲಿ, ಸಮಯ ಇನ್ನೊಂದರಲ್ಲಿ, ಸ್ಥಳವು ಆಶೀರ್ವಚನದ ಬಳಿಕ ಬಂದರೆ ಸನ್ನಿಧಿಯು ಕೆಟ್ಟಂತೆಯೇ.

ವಿಶೇಷಣಗಳ ವಿಷಯದಲ್ಲಿ ಔಚಿತ್ಯವನ್ನು ಪಾಲಿಸಬೇಕು. ಅದ್ದೂರಿಯಾಗಿ, ಅಭೂತಪೂರ್ವವಾಗಿ, ನ ಭೂತೋ ನ ಭವಿಷ್ಯತಿ ಎಂಬಂತೆ ಮೊದಲಾದ ಮಾತುಗಳನ್ನು ಸಂಪಾದಕೀಯ ವಿಭಾಗದವರು ಹೊಡೆದುಹಾಕುತ್ತಾರೆ. ಹೊಡೆಯದಿದ್ದರೂ ಓದುಗರು ನಂಬುವುದಿಲ್ಲ. ‘ಬಹುಸಂಖ್ಯೆಯ ವಿದ್ಯಾರ್ಥಿಗಳು ಉತ್ತಮ ಫಲಿತಾಂಶ ಪಡೆದಿದ್ದಾರೆ’ ಎನ್ನುವುದಕ್ಕಿಂತ ಪರೀಕ್ಷೆಗೆ ಕುಳಿತವರೆಷ್ಟು, ತೇರ್ಗಡೆಯಾದವರೆಷ್ಟು ಎಂದು ಎರಡು ಅಂಕಿಗಳನ್ನು ಕೊಡುವುದು ಗೌರವ. ಈ ಸೀಮೆಯ ಇತಿಹಾಸವೇ ಇದಕ್ಕೊಂದು ನಿದರ್ಶನ ನೀಡುತ್ತದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೆ ಒಳಗಾದ ಮೇಲೆ ಅದು ದೇಶದ ಗಮನವನ್ನು ಸೆಳೆಯಿತು. ಆ ಹೋರಾಟದ ಮೂಲದಲ್ಲಿ ಇದ್ದ ಒಂದು ವಿವಾದ ಗೇಣಿಯನ್ನು ಅಳೆಯುವ ಕೊಳಗದ ಗಾತ್ರದ್ದು. ಅನ್ಯಾಯ, ಶೋಷಣೆ ಎಂಬ ದೊಡ್ಡ ಶಬ್ದಗಳಿಗಿಂತ ಕೊಳಗವೆಂಬ ಒಂದು ಪ್ರತ್ಯಕ್ಷ ವಸ್ತುವು ಎಷ್ಟೋ ದೂರದ ಓದುಗನಿಗೂ ವಿಷಯವನ್ನು ಮನಗಾಣಿಸಬಲ್ಲದು.

5. ಒಂದು ಮಾದರಿ

ವಿಷಯವು ಸ್ಪಷ್ಟವಾಗಲೆಂದು ಕಲ್ಪಿತವಾದ ಒಂದು ಪ್ರಕಟಣೆಯನ್ನು ಎರಡು ಬಗೆಯಲ್ಲಿ ಇಲ್ಲಿ ಕೊಟ್ಟಿದೆ. ಮೊದಲನೆಯದು ವಾಡಿಕೆಯಲ್ಲಿರುವ ರೀತಿ:

‘ಮಲೆನಾಡಿನ ಶೈಕ್ಷಣಿಕ ಕ್ಷೇತ್ರದಲ್ಲಿ ತನ್ನದೇ ಆದ ಛಾಪನ್ನು ಮೂಡಿಸಿರುವ ಇಂತಹ ಸಂಸ್ಥೆಯು ಪೂಜ್ಯರ ಕೃಪಾಶೀರ್ವಾದದಿಂದಲೂ ಅಧ್ಯಕ್ಷರ ದಕ್ಷ ನೇತೃತ್ವದಿಂದಲೂ ಕೊಡುಗೈ ದಾನಿಗಳ ಸಹಕಾರದಿಂದಲೂ ದಿನೇ ದಿನೇ ಪ್ರಗತಿ ಹೊಂದುತ್ತಿದ್ದು, ಈ ಸಾಲಿನಲ್ಲಿಯೂ ಎಂದಿನಂತೆ ಉಚಿತ ವಿದ್ಯಾರ್ಥಿನಿಲಯದ ಪ್ರವೇಶವನ್ನು ಹಮ್ಮಿಕೊಳ್ಳಲಾಗಿದ್ದು, ಆಸಕ್ತರು ಸದರಿ ಅವಕಾಶವನ್ನು ಸದುಪಯೋಗಪಡಿಸಿಕೊಳ್ಳಬೇಕೆಂದು ಕೋರಲಾಗಿದೆ.’

ಇದರಲ್ಲಿ ವ್ಯಾಕರಣದೋಷ ಹೆಚ್ಚಿಲ್ಲ, ವಿನಯಕ್ಕೂ ಕೊರತೆಯಿಲ್ಲ. ಆದರೆ ಮಗುವನ್ನು ಕರೆದುಕೊಂಡು ಹೊರಡಬೇಕಾದ ತಾಯಿಗೆ ಬೇಕಾದ ಒಂದು ಸಂಗತಿಯೂ ಇಲ್ಲ. ಎರಡನೆಯ ರೀತಿಯನ್ನು ನೋಡಬಹುದು:

‘ಉಚಿತ ವಿದ್ಯಾರ್ಥಿನಿಲಯ: ಮೇ 25 ಅರ್ಜಿಗೆ ಕಡೆಯ ದಿನ. ಕವಲೇದುರ್ಗದ ಸಮೀಪದ ಇಂತಹ ಪ್ರೌಢಶಾಲೆಯ ಉಚಿತ ವಿದ್ಯಾರ್ಥಿನಿಲಯಕ್ಕೆ 8ನೆಯ ತರಗತಿಯ 40 ಮಕ್ಕಳನ್ನು ಸೇರಿಸಿಕೊಳ್ಳಲಾಗುವುದು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಗಂಡುಮಕ್ಕಳು, ಹೆಣ್ಣುಮಕ್ಕಳು ಅರ್ಜಿ ಸಲ್ಲಿಸಬಹುದು. ಊಟ, ವಸತಿ, ಪುಸ್ತಕಗಳಿಗೆ ಶುಲ್ಕವಿಲ್ಲ. ಅರ್ಜಿ ನಮೂನೆಯು ಶಾಲೆಯ ಕಚೇರಿಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ದೊರೆಯುತ್ತದೆ. ಅದಕ್ಕೂ ಹಣ ಕೊಡಬೇಕಾಗಿಲ್ಲ. 7ನೆಯ ತರಗತಿಯ ಅಂಕಪಟ್ಟಿ ಮತ್ತು ಆದಾಯ ಪ್ರಮಾಣಪತ್ರವನ್ನು ತರಬೇಕು. ಬರೆಯಲು ಬಾರದ ಪೋಷಕರಿಗೆ ಕಚೇರಿಯವರೇ ಅರ್ಜಿ ತುಂಬಿಕೊಡುತ್ತಾರೆ. ದಾನಿಗಳ ನೆರವಿನಿಂದ ನಡೆಯುತ್ತಿರುವ ಈ ನಿಲಯದ ವಿವರಗಳಿಗೆ ಮುಖ್ಯೋಪಾಧ್ಯಾಯರನ್ನು ದೂರವಾಣಿಯ ಮೂಲಕ ಸಂಪರ್ಕಿಸಬಹುದು ಎಂದು ಸಂಸ್ಥೆಯ ಕಾರ್ಯದರ್ಶಿ ತಿಳಿಸಿದ್ದಾರೆ.’

ಇದನ್ನು ಕೆಳಗಿನಿಂದ ಒಂದೊಂದೇ ವಾಕ್ಯವನ್ನು ಕಳೆಯುತ್ತ ಬಂದರೂ ಉಳಿದ ಭಾಗವು ನಿಲ್ಲುತ್ತದೆ. ಕಡೆಗೆ ತಲೆಬರಹ ಮತ್ತು ಒಂದೇ ವಾಕ್ಯ ಉಳಿದರೂ, ಎಲ್ಲಿ, ಯಾರಿಗೆ, ಎಂದಿನೊಳಗೆ ಎಂಬುದು ಓದುಗನಿಗೆ ದೊರೆತಿರುತ್ತದೆ. ಬರೆದು ಮುಗಿಸಿದ ಪ್ರಕಟಣೆಯನ್ನು ಈ ರೀತಿ ಕಳೆದು ನೋಡುವುದೇ ಅದರ ನಿಕಷ.

6. ಬಾಹ್ಯ ಲಕ್ಷಣಗಳು

ಪ್ರಕಟಣೆಯು ಸಂಸ್ಥೆಯ ಹೆಸರಿರುವ ಕಾಗದದಲ್ಲಿ ಒಂದು ಪುಟವನ್ನು ಮೀರದಿರಲಿ. ಮೇಲ್ಗಡೆ ‘ಪ್ರಕಟಣೆಯ ಕೃಪೆಗಾಗಿ’ ಎಂಬ ಸಾಲು, ಊರು, ದಿನಾಂಕ. ಅದರ ಕೆಳಗೆ ತಲೆಬರಹ. ಕಡೆಯಲ್ಲಿ ಹೊಣೆಗಾರರ ರುಜು, ಹುದ್ದೆ, ದೂರವಾಣಿ ಸಂಖ್ಯೆ. ಆ ಸಂಖ್ಯೆಗೆ ಕರೆಮಾಡಿದಾಗ ವಿಷಯ ಬಲ್ಲವರೇ ಉತ್ತರಿಸುವಂತಿರಬೇಕು.

ಇಂದು, ನಾಳೆ, ಬರುವ ಸೋಮವಾರ ಎಂಬ ಮಾತುಗಳು ಅಪಾಯಕರ. ಬರೆದ ದಿನದ ನಾಳೆಯು ಅಚ್ಚಾದ ದಿನದ ಇಂದಾಗಿಬಿಡುತ್ತದೆ. ತಿಂಗಳು, ತಾರೀಖು, ವಾರ ಮೂರನ್ನೂ ಬರೆದು, ಪಂಚಾಂಗದೊಡನೆ ಒಮ್ಮೆ ತಾಳೆನೋಡಬೇಕು. ಜಾತ್ರೆ, ಶರಣರ ಜಯಂತಿ ಮೊದಲಾದವುಗಳಿಗೆ ತಿಥಿಯ ಜೊತೆಗೆ ತಾರೀಖೂ ಇರಲಿ.

ಸ್ಥಳನಾಮಗಳಲ್ಲಿ ಈ ಸೀಮೆಗೇ ವಿಶಿಷ್ಟವಾದ ತೊಡಕೊಂದಿದೆ. ‘ನಗರದಲ್ಲಿ ಪಾಲಕರ ಸಭೆ’ ಎಂದು ಹೊಸನಗರದ ಬರಹಗಾರನು ಬರೆದರೆ ಅವನ ಮನಸ್ಸಿನಲ್ಲಿರುವುದು ಬಿದನೂರು ನಗರ. ಶಿವಮೊಗ್ಗದಲ್ಲಿ ಓದುವವನಿಗೆ ಅದು ತನ್ನ ಪಟ್ಟಣವೇ ಎನಿಸುತ್ತದೆ. ‘ದುರ್ಗದಲ್ಲಿ’ ಎಂದರೆ ಕವಲೇದುರ್ಗದವರಿಗೆ ತಮ್ಮ ಊರು, ಬಯಲುಸೀಮೆಯವರಿಗೆ ಚಿತ್ರದುರ್ಗ. ಗ್ರಾಮ, ತಾಲ್ಲೂಕು, ಜಿಲ್ಲೆಗಳನ್ನು ಒಮ್ಮೆಯಾದರೂ ಪೂರ್ಣವಾಗಿ ಬರೆಯುವುದರಿಂದ ಈ ಗೊಂದಲ ತಪ್ಪುತ್ತದೆ. ವ್ಯಕ್ತಿಗಳ ಹೆಸರು, ಹೆಸರಿನ ಮೊದಲಕ್ಷರ, ಕಾಗುಣಿತ ಇವನ್ನು ಸಂಬಂಧಪಟ್ಟವರಿಂದಲೇ ಕೇಳಿ ಬರೆದುಕೊಳ್ಳಬೇಕು.

ಅಂಚೆ, ಬೆರಳಚ್ಚುಗಳ ಕಾಲ ಸಂದುಹೋಗಿ ಇಂದು ಪ್ರಕಟಣೆಗಳು ಬಹುಮಟ್ಟಿಗೆ ಮಿಂಚಂಚೆಯಿಂದಲೂ ವಾಟ್ಸಾಪ್‌ನಿಂದಲೂ ಹೋಗುತ್ತವೆ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪು ಮಾಡಿದ ಕನ್ನಡವು ಬೇರೆ ಗಣಕಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದುಂಟು. ಯೂನಿಕೋಡ್‌ನಲ್ಲಿ ಟೈಪು ಮಾಡಿದರೆ ಈ ತೊಂದರೆಯಿಲ್ಲ. ಕಾಗದದ ಛಾಯಾಚಿತ್ರವನ್ನು ಮಾತ್ರ ಕಳುಹಿಸಿದರೆ ಪತ್ರಿಕೆಯವರು ಅದನ್ನು ಮತ್ತೆ ಟೈಪು ಮಾಡಬೇಕಾಗುತ್ತದೆ. ಅಲ್ಲಿ ಅಂಕಿಗಳು ತಪ್ಪುವ ಸಂಭವ ಹೆಚ್ಚು. ಚಿತ್ರದೊಡನೆ ಎಡದಿಂದ ಬಲಕ್ಕೆ ಇರುವವರ ಹೆಸರುಗಳನ್ನು ಬರೆದುಕೊಡತಕ್ಕುದು.

ಕಾಲಪಾಲನೆಯೂ ಬರಹದಷ್ಟೇ ಮುಖ್ಯ. ಮುಂದೆ ನಡೆಯುವ ಕಾರ್ಯಕ್ರಮವಾದರೆ ನಾಲ್ಕಾರು ದಿನ ಮೊದಲು, ನಡೆದುಹೋದುದಾದರೆ ಅದೇ ದಿನದ ಸಂಜೆಯೊಳಗೆ ತಲುಪಿಸಬೇಕು. ವಾರ ಕಳೆದ ಬಳಿಕ ಬಂದ ವಾರ್ಷಿಕೋತ್ಸವದ ವರದಿಯು ಸುದ್ದಿಯಲ್ಲ, ಕಡತ.

7. ಪ್ರಕಟಣೆ ಮತ್ತು ಜಾಹೀರಾತು

ಪ್ರಕಟಣೆಯನ್ನು ಅಚ್ಚುಹಾಕುವುದೂ ಬಿಡುವುದೂ ಸಂಪಾದಕರ ಅಧಿಕಾರ. ತನ್ನ ಮಾತುಗಳು ತನ್ನ ಕ್ರಮದಲ್ಲಿಯೇ ಬರಬೇಕೆಂದು ಬಯಸುವ ಸಂಸ್ಥೆಯು ಹಣ ತೆತ್ತು ಜಾಹೀರಾತನ್ನು ಕೊಡಬಹುದು; ಅದರಲ್ಲಿ ಮುಚ್ಚುಮರೆಯಿಲ್ಲ. ಹಣವನ್ನೋ ಉಡುಗೊರೆಯನ್ನೋ ಕೊಟ್ಟು ಜಾಹೀರಾತನ್ನು ಸುದ್ದಿಯ ವೇಷದಲ್ಲಿ ಅಚ್ಚುಮಾಡಿಸುವುದು ಓದುಗನಿಗೆ ಮಾಡುವ ವಂಚನೆ. ಭಾರತೀಯ ಪತ್ರಿಕಾ ಮಂಡಳಿಯು 2010ರಲ್ಲಿ ಈ ಪಿಡುಗಿನ ಮೇಲೆಯೇ ಒಂದು ವರದಿಯನ್ನು ಹೊರಡಿಸಬೇಕಾಯಿತು. ಮಕ್ಕಳಿಗೆ ಸತ್ಯವನ್ನು ಬೋಧಿಸುವ ಸಂಸ್ಥೆಗೆ ಇಂತಹ ದಾರಿ ತಕ್ಕುದಲ್ಲ.

ಇದಕ್ಕೆ ಹೊಂದಿಕೊಂಡ ಸೂಕ್ಷ್ಮವಾದ ಇನ್ನೊಂದು ಪ್ರಶ್ನೆಯಿದೆ. ದಾನಿಗಳ ಹೆಸರನ್ನು ಹೇಳಬೇಕೇ? ಹೇಳಬೇಕು. ಹೇಳುವುದು ಕೃತಜ್ಞತೆ, ಇನ್ನೊಬ್ಬರಿಗೆ ಪ್ರೇರಣೆ. ಶಾಸನಗಳೂ ದಾನಿಯ ಹೆಸರನ್ನು ಮರೆಯಲಿಲ್ಲ. ಆದರೆ ದತ್ತಿಯಿಂದ ಆಗುವ ಕಾರ್ಯ ಮೊದಲು ಬಂದು ಹೆಸರು ಅನಂತರ ಬಂದರೆ ದಾನಿಯ ಗೌರವಕ್ಕೆ ಕುಂದಿಲ್ಲ. ‘ಇಂತಹವರ ನೆರವಿನಿಂದ ಈ ವರ್ಷ 40 ಮಕ್ಕಳು ಊಟ ವಸತಿ ಪಡೆಯುತ್ತಾರೆ’ ಎಂಬ ಒಂದು ವಾಕ್ಯವು ‘ಕೊಡುಗೈ ದಾನಿ’ ಎಂಬ ವಿಶೇಷಣದ ಹತ್ತರಷ್ಟು ಹೇಳುತ್ತದೆ.

ದಾನ ಪಡೆಯುವ ಮಗುವಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸಮವಸ್ತ್ರವನ್ನೋ ಪುಸ್ತಕವನ್ನೋ ಕೈಯೊಡ್ಡಿ ತೆಗೆದುಕೊಳ್ಳುತ್ತಿರುವ ಮಗುವಿನ ಮುಖ, ಹೆಸರು, ಮನೆಯ ಬಡತನ ಇವೆಲ್ಲ ಪತ್ರಿಕೆಯಲ್ಲಿ ಬಂದರೆ ಮರುದಿನ ತರಗತಿಯಲ್ಲಿ ಆ ಮಗು ತಲೆ ತಗ್ಗಿಸಿ ಕೂರಬೇಕಾಗಬಹುದು. ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳ ಚಿತ್ರವನ್ನು ಕೊಡಬಾರದು. ಕಟ್ಟಡದ ಚಿತ್ರ, ಗ್ರಂಥಾಲಯದಲ್ಲಿ ಓದುತ್ತಿರುವ ಮಕ್ಕಳ ಗುಂಪಿನ ಚಿತ್ರ ಸಾಕು. ದಾಸೋಹದಲ್ಲಿ ಕೊಡುವವನಿಗೆ ಅಹಂಕಾರವೂ ಪಡೆಯುವವನಿಗೆ ದೈನ್ಯವೂ ಇರಬಾರದೆಂಬ ತತ್ತ್ವವನ್ನು ನಂಬಿದ ಪರಂಪರೆಯಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

8. ಅಹಿತವಾದ ಸುದ್ದಿ

ಎಲ್ಲ ಪ್ರಕಟಣೆಗಳೂ ಸಂತೋಷದವಾಗಿರುವುದಿಲ್ಲ. 1906ರ ಅಕ್ಟೋಬರ್ 28ರಂದು ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬಳಿ ರೈಲೊಂದು ಸೇತುವೆಯಿಂದ ನೀರಿಗೆ ಉರುಳಿ ಐವತ್ತಕ್ಕೂ ಹೆಚ್ಚು ಜನರು ಮಡಿದರು. ಪೆನ್ಸಿಲ್ವೇನಿಯಾ ರೈಲುಮಾರ್ಗದ ಪ್ರಚಾರ ಕಾರ್ಯವನ್ನು ನೋಡಿಕೊಳ್ಳುತ್ತಿದ್ದ ಐವಿ ಲೀ ಎಂಬುವರು, ವರದಿಗಾರರನ್ನು ದೂರವಿಡುವ ಅಂದಿನ ವಾಡಿಕೆಯನ್ನು ಬಿಟ್ಟು, ನಡೆದುದನ್ನು ಕುರಿತ ಲಿಖಿತ ಹೇಳಿಕೆಯನ್ನು ಸಂಸ್ಥೆಯಿಂದಲೇ ಪತ್ರಿಕೆಗಳಿಗೆ ಕೊಡಿಸಿದರು. ಇಂದಿನ ಅರ್ಥದ ಮೊದಲ ಪತ್ರಿಕಾ ಪ್ರಕಟಣೆ ಅದೇ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಈ ಪ್ರಕಾರದ ಬರಹವು ಪ್ರಸಿದ್ಧಿಗೆ ಬಂದುದು ಒಂದು ದುರಂತದ ಸಂದರ್ಭದಲ್ಲಿ ಎಂಬುದನ್ನು ಬಲ್ಲವರು, ಅದನ್ನು ಹೊಗಳಿಕೆಗೆ ಮಾತ್ರ ಮೀಸಲಿಡಲಾರರು.

ವಿದ್ಯಾರ್ಥಿನಿಲಯದಲ್ಲಿ ಆಹಾರ ಕೆಟ್ಟು ಮಕ್ಕಳು ಅಸ್ವಸ್ಥರಾದರೆ, ಮಳೆಗೆ ಗೋಡೆ ಕುಸಿದರೆ, ಪ್ರವಾಸದ ಬಸ್ಸು ತಡವಾದರೆ ಹೆತ್ತವರ ಮೊದಲ ಪ್ರಶ್ನೆ ತಮ್ಮ ಮಗು ಹೇಗಿದೆ ಎಂಬುದು. ಅವರಿಗೆ ನೇರವಾಗಿ ತಿಳಿಸಿದ ಬಳಿಕ ಪತ್ರಿಕೆಗೆ ಕೊಡುವ ಹೇಳಿಕೆಯಲ್ಲಿ, ಆದುದೇನು, ಎಷ್ಟು ಮಕ್ಕಳಿಗೆ, ಎಲ್ಲಿ ಚಿಕಿತ್ಸೆ, ಪೋಷಕರು ಯಾರನ್ನು ಕೇಳಬೇಕು ಎಂಬ ನಾಲ್ಕು ಸಂಗತಿಗಳು ಮೊದಲು ಬರಬೇಕು. ಕಾರಣವು ತನಿಖೆಯಿಂದ ತಿಳಿಯುವವರೆಗೆ ಅದನ್ನು ಊಹಿಸಿ ಬರೆಯಬಾರದು. ಯಾರ ಮೇಲೂ ತಪ್ಪನ್ನು ಹೊರಿಸಬಾರದು. ಅಸ್ವಸ್ಥರಾದ ಮಕ್ಕಳ ಹೆಸರನ್ನೂ ಕೊಡಬಾರದು. ಸಂಸ್ಥೆಯು ಮೌನವಾಗಿದ್ದರೆ ಅದರ ಸ್ಥಾನವನ್ನು ಗಾಳಿಮಾತು ತುಂಬುತ್ತದೆ; ವಾಟ್ಸಾಪ್‌ನ ಈ ಕಾಲದಲ್ಲಿ ಅದಕ್ಕೆ ಅರ್ಧ ಗಂಟೆಯೂ ಬೇಡ.

9. ಶಾಲೆಯಲ್ಲಿ ಅಭ್ಯಾಸ

ಈ ವಿದ್ಯೆಯನ್ನು ಕಾರ್ಯದರ್ಶಿಯ ಕೊಠಡಿಗೆ ಸೀಮಿತಗೊಳಿಸದೆ ತರಗತಿಗೂ ತರಬಹುದು. ಪ್ರೌಢಶಾಲೆಯ ವಿದ್ಯಾರ್ಥಿಗಳನ್ನು ಕವಲೇದುರ್ಗಕ್ಕೆ ಕರೆದೊಯ್ದಾಗ, ಕಂಡುದನ್ನು ಪ್ರಬಂಧವಾಗಿ ಬರೆಯಿಸುವ ಜೊತೆಗೆ ಎಂಟು ಸಾಲಿನ ಪ್ರಕಟಣೆಯಾಗಿಯೂ ಬರೆಯಿಸಬೇಕು. ಬಳಿಕ ಅದನ್ನು ಐದು ಸಾಲಿಗೆ, ಮೂರು ಸಾಲಿಗೆ ಇಳಿಸಲು ಹೇಳಬೇಕು. ಯಾವ ಪದ ಹೋದರೂ ನಡೆಯುತ್ತದೆ, ಯಾವುದು ಹೋದರೆ ಅರ್ಥ ಕೆಡುತ್ತದೆ ಎಂಬ ವಿವೇಚನೆಯು ಅವರಿಗೆ ವ್ಯಾಕರಣವನ್ನೂ ಕಲಿಸುತ್ತದೆ; ಮಿತಭಾಷಿತ್ವವನ್ನೂ ಕಲಿಸುತ್ತದೆ. ಕಾರಕಪ್ರಕರಣದ ಪಾಠಕ್ಕೆ ಇದಕ್ಕಿಂತ ಜೀವಂತವಾದ ಉದಾಹರಣೆಗಳು ವಿರಳ.

ಹಳೆಯ ವಿದ್ಯಾರ್ಥಿಗಳಲ್ಲಿ ಪತ್ರಿಕಾರಂಗದಲ್ಲಿರುವವರಿದ್ದರೆ ಅವರನ್ನು ವರ್ಷಕ್ಕೊಮ್ಮೆ ಕರೆಯಿಸಿ, ಆ ವರ್ಷ ಶಾಲೆಯಿಂದ ಹೋದ ಪ್ರಕಟಣೆಗಳನ್ನೂ ಅಚ್ಚಾಗಿ ಬಂದ ರೂಪವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದು. ಏನನ್ನು ತೆಗೆದುಹಾಕಿದರು ಎಂಬುದು ಮುಂದಿನ ಬರಹಕ್ಕೆ ಗುರುವಾಗುತ್ತದೆ. ಅಚ್ಚಾದವುಗಳನ್ನು ದಿನಾಂಕದೊಡನೆ ಕಡತದಲ್ಲಿ ಅಂಟಿಸಿಟ್ಟರೆ ಸಂಸ್ಥೆಯ ಇತಿಹಾಸ ಬರೆಯುವವರಿಗೆ ಅದೇ ಆಕರ. ಅರಸರ ದತ್ತಿಗಳನ್ನು ಇಂದು ತಿಳಿಯಲು ಶಾಸನಗಳು ಒದಗಿದಂತೆ.

ಪ್ರಕಟಣೆಯು ಚಿಕ್ಕ ಬರಹ. ಅದರಲ್ಲಿ ಪಾಂಡಿತ್ಯಕ್ಕೆ ಎಡೆಯಿಲ್ಲ. ಬರೆದವನ ಹೆಸರೂ ಬರುವುದಿಲ್ಲ. ಆದರೂ ಅದನ್ನು ಓದಿ, ತಾರೀಖು ತಪ್ಪದೆ, ಮಗುವಿನ ಕೈ ಹಿಡಿದು ಶಾಲೆಯ ಬಾಗಿಲಿಗೆ ಒಬ್ಬ ತಾಯಿ ಬಂದಳಾದರೆ ಅದನ್ನು ಬರೆದ ಅಧ್ಯಾಪಕನ ಶ್ರಮವು ಸಾರ್ಥಕವಾದುದು.